ಗೂಟ

ಗೂಟ ಅಂದರೆ ನನಗೆ ನೆನಪಾಗುತ್ತಿದ್ದದ್ದು ಗೂಟದ ಕಾರು. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಇಳಿಯಿತು. ಆಮೇಲೆ ಗೂಟದ ಯೋಚನೆಯೇ ಬಂದಿರಲಿಲ್ಲ, ಭಾಮೈದ ಒಂದು ಕ್ಯಾರವಾನ್ ಬಾಡಿಗೆಗೆ ತರುವ ತನಕ.

ಸಕಲೇಶಪುರಕ್ಕೆ ಹೊರಡುವ ಮೊದಲು ಒಂದು ರಿಹರ್ಸಲ್ ಆಗಲಿ ಅಂದ. ಕನಕಪುರ ರಸ್ತೆ ಕಡೆ ನಮ್ಮದೊಂದು ಖಾಲಿ ಸೈಟಿದೆ. ಅಲ್ಲಿಗೇ ಗಾಡಿ ತಂದು ನಿಲ್ಲಿಸಿದ. ಅದರ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ ಒಂದಿತ್ತು. ಅವನ ಬಾಯಲ್ಲಿ ಅದು ಆನಿಂಗ್, ನನ್ನ ಹೆಂಡತಿ ಬಾಯಲ್ಲಿ ಶಾಮಿಯಾನ. ಗಾಳಿಗೆ ಹಾರದ ಹಾಗೆ ಅದರ ಹಗ್ಗಗಳಿಗೆ ಗೂಟ ಹೊಡೆಯಬೇಕು, ಅಷ್ಟೇ ಕೆಲಸ.

ಮಾರ್ಚ್ ತಿಂಗಳು. ನಮ್ಮ ಕೆಂಪು ಮಣ್ಣು ಮಳೆಗಾಲದಲ್ಲಿ ಹಲ್ವ, ಬೇಸಿಗೆಯಲ್ಲಿ ಇಟ್ಟಿಗೆ. ಅದರ ಮೇಲೆ ಯಾರೋ ಸುರಿದು ಹೋದ ಜಲ್ಲಿ ಬೇರೆ. ಗಾಡಿಯ ಜೊತೆ ಕೊಟ್ಟಿದ್ದು ಪೆನ್ಸಿಲ್‌ಗಿಂತ ತೆಳ್ಳಗಿನ ಗೂಟಗಳು, ಒಂದು ರಬ್ಬರ್ ಸುತ್ತಿಗೆ. ಹೊಡೆದೆ. ಗೂಟ ಕೆಳಗಿಳಿಯಲಿಲ್ಲ, ಸುತ್ತಿಗೆ ಮೇಲಕ್ಕೆ ಹಾರಿತು. ಮೂರನೇ ಗೂಟ ಬಾಗಿ ಛತ್ರಿಯ ಹಿಡಿಯಾಯಿತು. "ಭಾವ, ಇನ್ನೂ ಸ್ವಲ್ಪ ಜೋರಾಗಿ" ಅಂದ ಭಾಮೈದ, ನೆರಳಲ್ಲಿ ಕೂತು.

ಲಾಲ್‌ಬಾಗಿನ ಬಂಡೆ ನೆನಪಾಯಿತು. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಅದರ ನೆಂಟರೇ ಈ ಊರಿನ ಅಡಿಯಲ್ಲೆಲ್ಲ ಮಲಗಿದ್ದಾರೆ. ಮೇಲೆ ಕೆಂಪೇಗೌಡರ ಗೋಪುರ. ಊರಿನ ಎಲ್ಲೆಗೆ ಹೊಡೆದ ನಾಲ್ಕು ಗೂಟಗಳಲ್ಲಿ ಅದೂ ಒಂದು ಅನ್ನಬಹುದು. ಊರೇನೋ ಹಗ್ಗ ಹರಿದುಕೊಂಡ ಹೋರಿ ಹಾಗೆ ಕನಕಪುರ ರಸ್ತೆ ತನಕ ಓಡಿ ಬಂದಿದೆ.

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು. ರಾಯಚೂರು ಕಡೆಯ ಹಿರಿಯರೊಬ್ಬರು ನನ್ನ ಪಾಡು ನೋಡಿ ನೋಡಿ ಕೊನೆಗೆ ಎದ್ದು ಬಂದರು.

"ಸಾಹೇಬ್ರ, ನೆಟ್ಟಗ ಹೊಡೀಬ್ಯಾಡ್ರಿ. ವಾರಿ ಹೊಡೀರಿ."

ಗೂಟದ ತಲೆ ಚಪ್ಪರದಿಂದ ಆಚೆಗೆ ವಾಲಬೇಕು, ಮೊನೆ ಚಪ್ಪರದ ಕಡೆಗೆ ಹೋಗಬೇಕು. ಹಗ್ಗಕ್ಕೂ ಗೂಟಕ್ಕೂ ಹೆಚ್ಚುಕಮ್ಮಿ ಲಂಬಕೋನ. ನೆಟ್ಟಗೆ ನಿಂತ ಗೂಟವನ್ನು ಹಗ್ಗ ಸುಲಭವಾಗಿ ಬಗ್ಗಿಸಿ ಎಳೆದುಬಿಡುತ್ತದೆ. ಹಗ್ಗ ನೆಲಕ್ಕೆ ತಾಗಿದಂತೆ ಕಟ್ಟಬೇಕು. ಮೇಲೆ ಕಟ್ಟಿದಷ್ಟೂ ಗೂಟ ಅಲ್ಲಾಡುವುದು ಜಾಸ್ತಿ. ನಾನು ಎಲ್ಲವನ್ನೂ ತಿರುವುಮುರುವು ಮಾಡಿದ್ದೆ.

ಅವರು ನನ್ನ ತಂತಿಗಳನ್ನು ಒಂದು ಮಾತೂ ಆಡದೆ ಬದಿಗಿಟ್ಟರು. ಅದೇ ಜಾಸ್ತಿ ನೋವಾಗಿದ್ದು. ಹನ್ನೆರಡು ಎಂಎಂ ಕಂಬಿಯ ಒಂದೂವರೆ ಅಡಿ ತುಂಡುಗಳನ್ನು ತಂದರು, ತುದಿ ಬಗ್ಗಿಸಿ ಕೊಕ್ಕೆ ಮಾಡಿದರು. ಹಾರೆಯಿಂದ ಮೊದಲು ಓರೆಯಾಗಿ ತೂತು ಕೊರೆದರು. ಒಂದು ಚೊಂಬು ನೀರು ಸುರಿದು, ಬೀಡಿ ಹಚ್ಚಿ ಕೂತರು. ಬೀಡಿ ಮುಗಿದ ಮೇಲೆ ಕಬ್ಬಿಣದ ಸುತ್ತಿಗೆಯಲ್ಲಿ ಆರೇ ಏಟು. ನನಗೆ ಆ ಬೀಡಿ ಹೊತ್ತಿನ ಕಾಯುವಿಕೆ ಹೊಳೆದೇ ಇರಲಿಲ್ಲ. ಮಣ್ಣು ನೀರು ಕುಡಿಯಲು ಬಿಡಬೇಕು, ಅಲ್ವಾ? ಹಿಂದಿನ ರಾತ್ರಿಯೇ ನೆನೆಸಿದ್ದರೆ ಇನ್ನೂ ಸಲೀಸು ಅಂದರು. ಮಣ್ಣು ಮತ್ತೆ ಒಣಗಿದ ಮೇಲೆ ಗೂಟವನ್ನು ತಾನೇ ಕಚ್ಚಿಕೊಳ್ಳುತ್ತದಂತೆ.

ಡಾಂಬರು ರಸ್ತೆಯಲ್ಲಿ ಪೆಂಡಾಲ್ ಹಾಕುವವರು ಗೂಟದ ಬದಲು ಮರಳು ತುಂಬಿದ ಡ್ರಮ್ಮಿಗೆ ಕಂಬ ಕಟ್ಟಿದ್ದನ್ನು ನೋಡಿದ್ದೇನೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಕಟ್ಟಿದರೂ ಆದೀತು, ಇಪ್ಪತ್ತು ಕೆಜಿ ಭಾರ. ಬೇಸಿಗೆಯ ಬೆಂಗಳೂರಲ್ಲಿ ಅಷ್ಟು ನೀರು ಗಾಳಿಗೆ ಕಾವಲು ಅಂದರೆ ಮನೆಯಲ್ಲಿ ಬೈಸಿಕೊಳ್ಳಬೇಕು.

ಕೀಳುವಾಗ ನೇರ ಜಗ್ಗಬಾರದು. ಕೊಕ್ಕೆಗೆ ಇನ್ನೊಂದು ಕಂಬಿ ತೂರಿಸಿ ಗರಗರ ತಿರುಗಿಸಿದರೆ ಮಣ್ಣಿನ ಹಿಡಿತ ಬಿಡುತ್ತದೆ. ಐದು ಬಂದವು. ಆರನೆಯದು ಜಪ್ಪಯ್ಯ ಅಂದರೂ ಬರಲಿಲ್ಲ. ಕತ್ತಲಾಯಿತು, ಬಿಟ್ಟು ಬಂದೆವು.

ಮುಂದಿನ ಭಾನುವಾರ ಹೋಗಿ ನೋಡಿದರೆ ಅದಕ್ಕೆ ಯಾರೋ ಎಮ್ಮೆ ಕಟ್ಟಿದ್ದರು.