ಸತ್ಯಾಂಶ: ಬೋಧನಾ ಶುಲ್ಕವೇ ಒಟ್ಟು ಖರ್ಚಲ್ಲ

ಪ್ರವೇಶದ ದಿನಗಳು ಸಮೀಪಿಸಿದಂತೆ ಒಂದು ಸಂದೇಶ ಮತ್ತೆ ಮೊಬೈಲಿಗೆ ಬರುತ್ತದೆ: ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಕಟ್ಟಿದರೆ ಸಾಕು, ಅದೂ ಇಲ್ಲದ ದೇಶಗಳಲ್ಲಿ ಓದು ಪೂರ್ತಿ ಉಚಿತ. ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ ಜನ ಇದನ್ನು ಹಂಚುತ್ತಾರೆ. ಆದರೆ ಇದು ಅರ್ಧ ಮಾತ್ರ ನಿಜ.

ಬೋಧನಾ ಶುಲ್ಕ ಪಾಠಕ್ಕೆ ಕೊಡುವ ಹಣ. ನೋಂದಣಿ, ಪರೀಕ್ಷೆ, ಪ್ರಯೋಗಾಲಯದ ಶುಲ್ಕಗಳು ಹಲವೆಡೆ ಪ್ರತ್ಯೇಕ. ವಾಸ, ಊಟ, ಪ್ರಯಾಣ, ಪುಸ್ತಕಗಳ ಖರ್ಚು ಇನ್ನೂ ಬೇರೆ. ಮನೆಯಿಂದ ದೂರವಿದ್ದು ಓದುವವರಿಗೆ ಈ ಖರ್ಚೇ ಬೋಧನಾ ಶುಲ್ಕವನ್ನು ಮೀರುವುದುಂಟು. ಜರ್ಮನಿಯನ್ನೇ ನೋಡಿ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಮೊದಲ ಪದವಿಗೆ ಬೋಧನಾ ಶುಲ್ಕ ಪಡೆಯುವುದಿಲ್ಲ, ನಿಜ. ಆದರೂ ಪ್ರತಿ ಸೆಮಿಸ್ಟರಿಗೆ ವಂತಿಗೆ ಕಟ್ಟಬೇಕು. ಬಾಡೆನ್-ವುರ್ಟೆಂಬರ್ಗ್ ರಾಜ್ಯವಂತೂ ಐರೋಪ್ಯ ಒಕ್ಕೂಟದ ಹೊರಗಿನ ಹೆಚ್ಚಿನ ವಿದ್ಯಾರ್ಥಿಗಳಿಗೆ 2017ರಲ್ಲಿ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸಿತು.

ಇಂಥ ಸಂದೇಶ ಬಂದಾಗ ಅದರಲ್ಲಿ ವಿಶ್ವವಿದ್ಯಾಲಯದ ಹೆಸರು, ಕೋರ್ಸು, ವರ್ಷ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ಅದನ್ನು ನಂಬಿ ಲೆಕ್ಕ ಹಾಕಬೇಡಿ. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣವನ್ನು ನೀವೇ ತೆರೆದು ಆ ವರ್ಷದ ಶುಲ್ಕ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿ; ಅಡಿಟಿಪ್ಪಣಿಗಳಲ್ಲೇ ಅನೇಕ ವಿಷಯಗಳಿರುತ್ತವೆ. ವಿದ್ಯಾರ್ಥಿವೇತನವನ್ನು ನೆಚ್ಚಿಕೊಂಡಿದ್ದರೆ ಅದು ಯಾವ ಖರ್ಚಿಗೆ ಸಲ್ಲುತ್ತದೆ, ಹಣ ಯಾವಾಗ ಕೈಸೇರುತ್ತದೆ, ಮುಂದಿನ ವರ್ಷಕ್ಕೆ ಷರತ್ತುಗಳೇನು ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕಚೇರಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ.