ಚಿನ್ನದ ಪದಕವೂ ಪಕ್ಕದ ಮನೆಯ ಉಯಿಲೂ

ಹೋದ ವರ್ಷ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, ಉಯಿಲಿಗೆ ಸಾಕ್ಷಿ ಹಾಕ್ತೀಯಾ ಅಂತ ಕೇಳಿದರು. ಇಲ್ಲಿ ಇಂಗ್ಲೆಂಡಿನಲ್ಲಿ ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಸಾಕ್ಷಿ ಹಾಕಿದವರಿಗೆ ಅದರಲ್ಲಿ ಪಾಲು ಸಿಗುವುದಿಲ್ಲ. "ನಿನಗೇನೂ ಬಿಟ್ಟಿಲ್ಲ, ಅದಕ್ಕೇ ಕರೆದೆ" ಎಂದು ನಕ್ಕರು. ಅಡುಗೆಮನೆಯ ಮೇಜಿನ ಮೇಲೆ ಚಹಾ, ಬಿಸ್ಕತ್ತು, ಮೂರು ಹಾಳೆ. ಒಳಗೇನಿದೆ ಎಂದು ನಾನು ಓದಬೇಕಿರಲಿಲ್ಲ, ಅವರೇ ಹೇಳಿದರು. ಗಂಡ ಪಾರ್ಕಿನ್ಸನ್ ಕಾಯಿಲೆಯಲ್ಲಿ ವರ್ಷಗಟ್ಟಲೆ ನರಳಿ ಹೋದವರು. ಆಸ್ತಿಯ ಹತ್ತನೇ ಒಂದು ಪಾಲು ಆ ಕಾಯಿಲೆಯ ಸಂಶೋಧನೆಗೆ.

"ದಾನಕ್ಕೆ ಹೆಸರು?" ಅಂದೆ.

"ಯಾರ ಹೆಸರು?" ಅಂದರು.

ಇಲ್ಲಿನವರೆಲ್ಲ ಕರ್ಣನ ವಂಶದವರೇನಲ್ಲ. ಆಸ್ತಿಯಲ್ಲಿ 3,25,000 ಪೌಂಡ್ ದಾಟಿದ ಭಾಗಕ್ಕೆ ಇಲ್ಲಿ ಸಾಮಾನ್ಯವಾಗಿ ಶೇ 40 ಸಾವಿನ ತೆರಿಗೆ. ತೆರಿಗೆಗೆ ಸಿಗುವ ಭಾಗದಲ್ಲಿ ಹತ್ತನೇ ಒಂದು ದಾನಕ್ಕೆ ಹೋದರೆ ಅದು ಶೇ 36ಕ್ಕೆ ಇಳಿಯುತ್ತದೆ. ಭಾರತದಲ್ಲಿ ಇಂಥ ತೆರಿಗೆಯನ್ನು 1985ರಲ್ಲೇ ತೆಗೆದುಹಾಕಿದರು. ಸಾಲದ್ದಕ್ಕೆ, ನಮ್ಮಲ್ಲಿ ಉಯಿಲಿನ ಮಾತೆತ್ತಿದರೆ "ಬಿಡ್ತು ಅನ್ನು" ಅಂತಾರೆ.

ಹಾಗಂತ ನಾವು ಕೊಡುವುದಿಲ್ಲವೇ? ಕೊಡುತ್ತೇವೆ, ದತ್ತಿ ಇಡುತ್ತೇವೆ. ದಾವಣಗೆರೆಯಲ್ಲಿರುವ ನಮ್ಮಪ್ಪ, ನಿವೃತ್ತ ಮೇಷ್ಟ್ರು, ತಮ್ಮ ಅವ್ವನ ಹೆಸರಿನಲ್ಲಿ ಒಂದು ವಿಶ್ವವಿದ್ಯಾಲಯದಲ್ಲಿ ದತ್ತಿ ಇಟ್ಟಿದ್ದಾರೆ: ಎಂ.ಎ. ಮೊದಲ ರ‍್ಯಾಂಕಿಗೆ ಚಿನ್ನದ ಪದಕ. ದುಡ್ಡು ಬ್ಯಾಂಕಿನ ಠೇವಣಿಯಲ್ಲಿ. ಬಡ್ಡಿ ಇಳಿಯಿತು, ಚಿನ್ನ ಏರಿತು. ಈಗ ಕೊಡುವುದು ಚಿನ್ನದ ನೀರು ಕುಡಿಸಿದ ಬೆಳ್ಳಿ.

ನನ್ನ ತಕರಾರು ಪದಕದ ತೂಕದ್ದಲ್ಲ. ಪದಕ ಸಿಗುವುದು ಓದಿ ಮುಗಿಸಿದವರಿಗೆ. ಸಂಶೋಧನೆಗೆ ದುಡ್ಡು ಬೇಕಾಗುವುದು ಇನ್ನೂ ಏನೂ ಸಿಗದವರಿಗೆ. ನಾವು ಹಣ್ಣಿಗೆ ಹಾರ ಹಾಕುತ್ತೇವೆ, ಬೇರಿಗೆ ನೀರು ಹೊಯ್ಯುವುದು ಕಡಿಮೆ.

ಔಷಧಿ ವ್ಯಾಪಾರಿ ಹೆನ್ರಿ ವೆಲ್‌ಕಮ್ 1936ರಲ್ಲಿ ತೀರಿಕೊಂಡಾಗ ಅವರ ಕಂಪನಿಯ ಷೇರುಗಳು ಉಯಿಲಿನಂತೆ ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಒಂದು ಟ್ರಸ್ಟಿಗೆ ಹೋದವು. ಟ್ರಸ್ಟಿನವರು ಆ ಷೇರುಗಳನ್ನು ಮಾರುತ್ತ, ದುಡ್ಡನ್ನು ಬೇರೆ ಬೇರೆ ಕಡೆ ಹೂಡುತ್ತ ಬಂದರು. 1995ರಲ್ಲಿ ಕಂಪನಿಯನ್ನು ಗ್ಲಾಕ್ಸೊ ಕೊಂಡಿತು, ಟ್ರಸ್ಟ್ ಉಳಿಯಿತು. 2022ರಿಂದ ಹತ್ತು ವರ್ಷಕ್ಕೆ 1,600 ಕೋಟಿ ಪೌಂಡ್ ಖರ್ಚು ಮಾಡುತ್ತೇವೆಂದು ಹೇಳಿದೆ. ನಮ್ಮ ದತ್ತಿಗಳು ಒಂದೇ ಪಾಸ್‌ಬುಕ್ಕಿನಲ್ಲಿ ಸೊರಗುತ್ತಿವೆ.

ನಮಗೆ ಇದು ಹೊಸತೂ ಅಲ್ಲ. ಜಮ್ಶೆಟ್‌ಜಿ ಟಾಟಾ ಸಂಶೋಧನೆಗೆಂದು ಆಸ್ತಿ ಮುಡಿಪಿಟ್ಟು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1909ರಲ್ಲಿ ಬೆಂಗಳೂರಿಗೆ ಭಾರತೀಯ ವಿಜ್ಞಾನ ಸಂಸ್ಥೆ ಬಂತು. ಹೆಸರಿನ ಬೋರ್ಡಿನಲ್ಲಿ ಟಾಟಾ ಇಲ್ಲ, ಆದರೂ ಹಳೇ ಬೆಂಗಳೂರಿನವರಿಗೆ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ಇನ್ನೂ ಹಿಂದೆ ಹೋದರೆ ಇಂಡಿ ಸೀಮೆಯ ಸಾಲೋಟಗಿಯ 945ರ ಶಾಸನ: ಅಲ್ಲಿನ ವಿದ್ಯಾಶಾಲೆಯ ವಿದ್ಯಾರ್ಥಿಗಳಿಗೆ 27 ಮನೆ, ಜೊತೆಗೆ ಊರವರ ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಇವತ್ತು ಕಲ್ಯಾಣ ಮಂಟಪಗಳಲ್ಲಿ ಅಂಥದ್ದೊಂದು ಹುಂಡಿ ಇಟ್ಟರೆ ಯಾರಿಗೂ ಭಾರವಾಗದು.

ಕಳೆದ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಹೇಳಿದೆ: ಪದಕ ಬಿಟ್ಟುಬಿಡೋಣ, ನಾನೂ ಸ್ವಲ್ಪ ಸೇರಿಸ್ತೀನಿ, ಹಳ್ಳಿ ಹಳ್ಳಿ ಸುತ್ತುವ ಪಿಎಚ್‌.ಡಿ. ಹುಡುಗರ ಬಸ್‌ಚಾರ್ಜಿಗೆ ಕೊಡೋಣ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಘಟಿಕೋತ್ಸವದಲ್ಲಿ ಅವ್ವನ ಹೆಸರು ಮೈಕಲ್ಲಿ ಕೂಗ್ತಾರಲ್ಲೋ, ಅದು ನಿಂತ್ಹೋಗುತ್ತಾ?"

ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ.