ಮೌನ ಪ್ರಾರ್ಥನೆಗೆ ಮೈಕು ಸರಿಯಿದೆಯೇ?

ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರಾರ್ಥನೆ ಕಡಿಮೆಯಾಗಿದೆ ಎಂಬ ಸಂಗತಿ ಪಾಲನಾ ಸಮಿತಿಯ ಗಮನಕ್ಕೆ ಬಂದದ್ದು ಕಳೆದ ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸ ಕಾಲದಲ್ಲಿ, ಕಾಂಪೌಂಡ್ ಗೋಡೆಗೆ ಸುಣ್ಣ ಬಳಿಸುವ ವಿಷಯಕ್ಕೂ ರಸ್ತೆಬದಿಯ ಮಳಿಗೆಗಳ ಬಾಡಿಗೆ ಏರಿಸುವ ವಿಷಯಕ್ಕೂ ನಡುವೆ. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಬುಧವಾರ ಸಂಜೆಯ ಪ್ರಾರ್ಥನಾ ಕೂಟಕ್ಕೆ ಮೂವರು ಅಜ್ಜಿಯರನ್ನು ಬಿಟ್ಟರೆ ಯಾರೂ ಬರುತ್ತಿಲ್ಲವೆಂದೂ, ಕ್ರೈಸ್ತರು ಲೋಕದ ಗಡಿಬಿಡಿಯಲ್ಲಿ ಮುಳುಗಿ ದೇವರ ಸನ್ನಿಧಿಯನ್ನೇ ಮರೆತಿದ್ದಾರೆಂದೂ ಬಹಳ ನೊಂದು ನುಡಿದರು. ಬುಧವಾರ ಅವರೂ ಬರುವುದಿಲ್ಲ; ಆದರೆ ಅವರ ನೋವಿನಲ್ಲಿ ಸುಳ್ಳಿರಲಿಲ್ಲ. ಒಂದು ಶನಿವಾರವನ್ನು ಪೂರ್ತಿಯಾಗಿ ಮೌನಕ್ಕೂ ಧ್ಯಾನಕ್ಕೂ ಮೀಸಲಿಡಬೇಕೆಂದು ಅಲ್ಲಿಯೇ ತೀರ್ಮಾನವಾಯಿತು, ಮತ್ತು ಆ ಮೌನವನ್ನು ಏರ್ಪಡಿಸುವುದಕ್ಕಾಗಿ ಸ್ವಾಗತ, ಊಟ, ಫ್ಲೆಕ್ಸ್, ವೇದಿಕೆ ಮತ್ತು ಧ್ವನಿವರ್ಧಕ, ನೆನಪಿನ ಕಾಣಿಕೆ ಎಂದು ಐದು ಉಪಸಮಿತಿಗಳು ರಚನೆಯಾದವು. ಪ್ರಾರ್ಥನೆಗೆ ಉಪಸಮಿತಿ ಬೇಕಾಗಲಿಲ್ಲ. ಅದು ಹೇಗೂ ಆಗುತ್ತದೆ ಎಂದು ಎಲ್ಲರೂ ನಂಬಿದ್ದರು.

ಧ್ಯಾನದ ವಿಷಯವನ್ನು ಲೂಕನ ಸುವಾರ್ತೆಯ 10ನೇ ಅಧ್ಯಾಯದಿಂದ ಆರಿಸಲಾಯಿತು. ಯೇಸು ಮನೆಗೆ ಬಂದಾಗ ಮಾರ್ಥಳು ಉಪಚಾರದ ಕೆಲಸದಲ್ಲಿ ತೊಳಲುತ್ತಾಳೆ, ಅವಳ ತಂಗಿ ಮರಿಯಳು ಅವನ ಪಾದದ ಬಳಿ ಕುಳಿತು ಮಾತು ಕೇಳುತ್ತಾಳೆ. ಅಕ್ಕ ದೂರು ಹೇಳಿದರೆ, ನೀನು ಬಹಳ ವಿಷಯಗಳಿಗೆ ತಲೆ ಕೆಡಿಸಿಕೊಂಡಿದ್ದೀ, ಬೇಕಾದದ್ದು ಒಂದೇ, ಅದನ್ನು ಮರಿಯಳು ಆರಿಸಿಕೊಂಡಿದ್ದಾಳೆ ಎಂಬ ಉತ್ತರ ಸಿಗುತ್ತದೆ. ಕಥೆಯೆಲ್ಲ ಐದು ವಚನಗಳಲ್ಲಿ ಮುಗಿಯುತ್ತದೆ. ಫ್ಲೆಕ್ಸಿನಲ್ಲಿ ಅದಕ್ಕೆ ಸಿಕ್ಕ ಜಾಗ ಇನ್ನೂ ಕಡಿಮೆ, ಏಕೆಂದರೆ ಸಮಿತಿಯ ಹನ್ನೊಂದು ಮಂದಿಯ ಭಾವಚಿತ್ರಗಳು ಅಲ್ಲಿ ಬರಬೇಕಾಗಿತ್ತು. ಸುಮ್ಮನಿದ್ದು ದೇವರನ್ನು ಅರಿಯಿರಿ ಎನ್ನುವ 46ನೇ ಕೀರ್ತನೆಯ ಮಾತು ಕೆಳಗಡೆ, ಧ್ವನಿವರ್ಧಕ ಒದಗಿಸಿದ ಅಂಗಡಿಯವರ ಮೊಬೈಲ್ ಸಂಖ್ಯೆಯ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿತ್ತು.

ಆ ಶನಿವಾರದ ಕಾರ್ಯಕ್ರಮ ಪಟ್ಟಿ ಇನ್ನೂ ನನ್ನ ಬೈಬಲಿನೊಳಗೆ ಇದೆ. ಬೆಳಿಗ್ಗೆ 9ಕ್ಕೆ ಹೆಸರು ನೋಂದಣಿ ಮತ್ತು ಉಪಾಹಾರ, ಆಮೇಲೆ ಗಾಯನ ಮಂಡಳಿಯ ಹಾಡು, ಸ್ವಾಗತ, ಅತಿಥಿಗಳ ಪರಿಚಯ, ಅತಿಥಿಗಳಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ, ಹಿಂದಿನ ಸಮಿತಿಯ ಕಾರ್ಯದರ್ಶಿಗಳಿಗೂ ಶಾಲು, ಅವರಿಗೆ ಕೊಟ್ಟು ತಮಗೆ ಕೊಡದಿದ್ದರೆ ಹೇಗೆ ಎಂದು ಕೇಳಿದ್ದ ಅದಕ್ಕೂ ಹಿಂದಿನವರಿಗೂ ಶಾಲು, ಪ್ರಸಂಗ, 11.45ರಿಂದ 12ರವರೆಗೆ ಮೌನ ಪ್ರಾರ್ಥನೆ, ಊಟ, ಬೈಬಲ್ ರಸಪ್ರಶ್ನೆ, ವಂದನಾರ್ಪಣೆ, ಗುಂಪು ಛಾಯಾಚಿತ್ರ. ಅತಿಥಿಗಳು ಬರುವುದು ತಡವಾದುದರಿಂದ ಯಾವುದನ್ನಾದರೂ ಮೊಟಕುಗೊಳಿಸಲೇಬೇಕಾಯಿತು. ಶಾಲುಗಳನ್ನು ಮೊಟಕುಗೊಳಿಸಲು ಬರುವುದಿಲ್ಲ. ಹದಿನೈದು ನಿಮಿಷದ ಮೌನ ನಾಲ್ಕು ನಿಮಿಷಕ್ಕೆ ಇಳಿಯಿತು.

ಆ ನಾಲ್ಕು ನಿಮಿಷಗಳನ್ನು ನಾನು ಮರೆಯಲಾರೆ. ಈಗ ನಾವೆಲ್ಲರೂ ಮೌನವಾಗಿರೋಣ ಎಂದು ಆರಂಭಿಸಿದ ಅತಿಥಿಗಳು, ಮೌನದಲ್ಲಿ ಹೇಗೆ ಕುಳಿತುಕೊಳ್ಳಬೇಕು, ಉಸಿರು ಹೇಗಿರಬೇಕು, ಯಾವ ಯೋಚನೆ ಬಂದರೆ ಅದನ್ನು ಹೇಗೆ ಹೊರಗಟ್ಟಬೇಕು ಎಂಬುದನ್ನು ಮೈಕಿನಲ್ಲಿ ಬಿಡದೆ ವಿವರಿಸಿದರು. ಸಭೆಗೆ ಬೇಸರವಾಗಬಾರದೆಂದು ಕೀಬೋರ್ಡ್ ನುಡಿಸುವ ಹುಡುಗ ಹಿಂದಿನಿಂದ ಮೆಲುವಾದ ರಾಗವೊಂದನ್ನು ಹರಿಯಬಿಟ್ಟನು. ಮೂರನೆಯ ನಿಮಿಷದಲ್ಲಿ ಅತಿಥಿಗಳು ಉಸಿರೆಳೆದುಕೊಳ್ಳಲು ನಿಂತಾಗ ನಿಜವಾದ ಮೌನವೊಂದು ಬರುವುದರಲ್ಲಿತ್ತು. ಅಷ್ಟರಲ್ಲಿ ಗೇಟಿಗೆ ಅಡ್ಡವಾಗಿ ನಿಲ್ಲಿಸಿರುವ ಬಿಳಿ ಬಣ್ಣದ ಕಾರಿನವರು ದಯವಿಟ್ಟು ಹೊರಗೆ ಬರಬೇಕೆಂಬ ಪ್ರಕಟನೆಯಾಯಿತು, ಮತ್ತು ಬಿಳಿ ಕಾರು ಇದ್ದ ಏಳೆಂಟು ಮಂದಿ ಕಣ್ಣು ತೆರೆದು ಎದ್ದು ಹೋದರು.

ಇಷ್ಟಾದರೂ ಪ್ರಸಂಗ ಚೆನ್ನಾಗಿತ್ತು ಎಂದು ಒಪ್ಪಬೇಕು. ಮಾರ್ಥಳು ಅಡುಗೆಮನೆಯಲ್ಲಿ ನಿಂತು ಎಂಥ ಭಾಗ್ಯವನ್ನು ಕಳೆದುಕೊಂಡಳು ಎಂದು ಅತಿಥಿಗಳು ಮನಕರಗುವಂತೆ ಹೇಳಿದರು, ಮುಂದಿನ ಸಾಲುಗಳಲ್ಲಿ ಕುಳಿತಿದ್ದ ಗಂಡಸರೆಲ್ಲರೂ ಹೌದೆಂದು ತಲೆದೂಗಿದರು. ಸ್ತ್ರೀಯರ ಸಂಘದವರು ತಲೆದೂಗಲಿಲ್ಲ, ಏಕೆಂದರೆ ಅವರು ಅಲ್ಲಿರಲಿಲ್ಲ. ಬೆಳಗಿನ ಜಾವ ಐದರಿಂದ ಹಿಂದಿನ ಶೆಡ್ಡಿನಲ್ಲಿ ಇನ್ನೂರು ಜನರ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಅವರೂ ವಾಕ್ಯದಿಂದ ವಂಚಿತರಾಗಬಾರದೆಂಬ ಕಾಳಜಿಯಿಂದ ಸಮಿತಿಯು ಒಂದು ಸ್ಪೀಕರನ್ನು ತಂತಿ ಎಳೆದು ಶೆಡ್ಡಿನ ಕಂಬಕ್ಕೆ ಕಟ್ಟಿಸಿತ್ತು. ಒಲೆಯ ಭೋರ್ಗರೆತದ ನಡುವೆ ಅತಿಥಿಗಳ ದನಿ ಮಾರ್ಥಳೇ, ಮಾರ್ಥಳೇ ಎಂದು ಆ ಕಂಬದಿಂದ ಎರಡು ಸಲ ಕೂಗಿದ ಹೊತ್ತಿಗೇ ಸರಿಯಾಗಿ ನಮ್ಮ ಕಾರ್ಯದರ್ಶಿಗಳು ಒಳಗೆ ಇಣುಕಿ, ಮೊಸರುಬಜ್ಜಿ ತಯಾರಾಯಿತೇ ಎಂದು ವಿಚಾರಿಸಿದರು.

ಮಾರ್ಥಳ ವಿಷಯದಲ್ಲಿ ನಮ್ಮ ಬೋಧಕರು ಸುವಾರ್ತೆಗಿಂತ ಹೆಚ್ಚು ಕಠಿಣರು. ಅವಳು ಅಡುಗೆ ಮಾಡಿದ್ದು ತಪ್ಪೆಂದು ಲೂಕನು ಎಲ್ಲಿಯೂ ಬರೆದಿಲ್ಲ. ಅವಳಿಗೆ ಬುದ್ಧಿಮಾತು ದೊರೆತದ್ದು ಅವಳು ಗೊಣಗಿದ ಮೇಲೆ. ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಅವಳು ಮತ್ತೆ ಬಡಿಸುತ್ತಿದ್ದಾಳೆ, ಅಲ್ಲಿ ಯಾರೂ ಅವಳನ್ನು ಆಕ್ಷೇಪಿಸುವುದಿಲ್ಲ. ಅದೇ ಊಟದ ಹೊತ್ತಿನಲ್ಲಿ ಮರಿಯಳು ಬೆಲೆಬಾಳುವ ಜಟಾಮಾಂಸಿ ತೈಲವನ್ನು ಯೇಸುವಿನ ಪಾದಗಳಿಗೆ ಸುರಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಲೆಕ್ಕ ಕೇಳಿದವನು ಯೂದನು, ಅಂದರೆ ಗುಂಪಿನ ಹಣದ ಚೀಲವನ್ನು ಇಟ್ಟುಕೊಂಡಿದ್ದವನು. ಅವನು ಹೇಳಿದ ಬೆಲೆ 300 ನಾಣ್ಯ, ಕೂಲಿಯವನೊಬ್ಬನ ಸುಮಾರು ಒಂದು ವರ್ಷದ ದುಡಿಮೆ. ನಮ್ಮ ಖಜಾಂಚಿಯವರು ಇದನ್ನು ತಮಗೇ ಹೇಳಿದ್ದೆಂದು ಭಾವಿಸಬಾರದು.

ಕೆಲಸದ ಪರವಾಗಿ ಮಾತನಾಡುವವರಿಗೆ ನಮ್ಮಲ್ಲಿ ಒಂದು ಸಿದ್ಧ ಸಮರ್ಥನೆಯೂ ಇದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಮುದ್ರಣಾಲಯ ಹಾಕಿದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರತಂದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು, ಕಿಟ್ಟೆಲ್ಲರು ವರ್ಷಾನುಗಟ್ಟಲೆ ದುಡಿದು 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟರು. ಹಾಗಿರುವಾಗ ನಾವು ಕೈಕಟ್ಟಿ ಕುಳಿತು ಪ್ರಾರ್ಥಿಸುತ್ತಿದ್ದರೆ ಆದೀತೇ ಎಂದು ಸಮಿತಿ ಕೇಳುತ್ತದೆ. ಪ್ರಶ್ನೆಯೇನೋ ಗಂಭೀರವಾದದ್ದು. ಅವರ ಗಡಿಬಿಡಿಯಿಂದ ಒಂದು ನಾಡಿಗೆ ನಿಘಂಟು ಸಿಕ್ಕಿತು, ನಮ್ಮ ಗಡಿಬಿಡಿಯಿಂದ ಇಷ್ಟರವರೆಗೆ ಸಿಕ್ಕಿರುವುದು ಫ್ಲೆಕ್ಸು. ಇನ್ನು ಸುಗ್ಗಿ ಹಬ್ಬಕ್ಕೆ ಕಾಣಿಕೆಯಾಗಿ ಬಂದ ಬೆಳೆಗಳ ಏಲಂ ಇದ್ದೇ ಇದೆ: ಒಂದು ಕುಂಬಳಕಾಯಿಗೆ ಇಬ್ಬರು ಹಿರಿಯರು ಪೈಪೋಟಿಗೆ ಬಿದ್ದು, ಒಂದು ಬಾರಿ, ಎರಡು ಬಾರಿ ಎನ್ನುತ್ತಾ ಮಧ್ಯಾಹ್ನ ಎರಡಾದರೂ ಯಾರೂ ಕೈಗಡಿಯಾರ ನೋಡುವುದಿಲ್ಲ. ಪ್ರಸಂಗವು ಇಪ್ಪತ್ತು ನಿಮಿಷ ದಾಟಿದರೆ ಸಾಕು, ಎಲ್ಲರಿಗೂ ಕೆಮ್ಮು ಬರುತ್ತದೆ.

ಯೇಸುವಿನ ಶಿಷ್ಯರ ಆದಿಸಭೆಗೂ ಈ ಗೋಜಲು ಬಂದಿತ್ತು. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ, ವಿಧವೆಯರಿಗೆ ಆಹಾರ ಹಂಚುವುದರಲ್ಲಿ ಗುಣುಗುಟ್ಟುವಿಕೆ ಹುಟ್ಟಿದಾಗ, ತಾವು ಪ್ರಾರ್ಥನೆಯನ್ನೂ ವಾಕ್ಯವನ್ನೂ ಬಿಡಬಾರದೆಂದು ಅಪೊಸ್ತಲರು ಪಂಕ್ತಿಯ ಉಪಚಾರಕ್ಕೆ ಏಳು ಮಂದಿಯನ್ನು ನೇಮಿಸಿದರು. ಆ ಏಳರಲ್ಲಿ ಒಬ್ಬನಾದ ಸ್ತೆಫನನು ಕಲ್ಲೇಟು ತಿಂದು ಪ್ರಾರ್ಥಿಸುತ್ತಲೇ ಸತ್ತನು. ಅಲ್ಲಿ ಜನರನ್ನು ಆರಿಸಿದ್ದು ಪಂಕ್ತಿಗೆ, ನಮ್ಮಲ್ಲಿ ಆರಿಸುವುದು ಕುರ್ಚಿಗೆ. ಪಂಕ್ತಿಯ ಲೆಕ್ಕ, ಟ್ಯಾಂಕಿನ ನೀರು, ಮಳಿಗೆಯ ಬಾಡಿಗೆ, ಮೋಟರಿನ ರಿಪೇರಿ ಎಲ್ಲವೂ ಸಭಾಪಾಲಕರ ತಲೆಯ ಮೇಲಿವೆ. ಪಾಪ, ಪ್ರಾರ್ಥಿಸಲು ಅವರಿಗೆ ಸಿಗುವುದು ಸಮಿತಿಯ ಸಭೆ ಆರಂಭವಾಗುವ ಮುಂಚಿನ ಒಂದು ನಿಮಿಷ.

ಮನೆಯಲ್ಲಿ ನಾನೇನೂ ಇವರಿಗಿಂತ ಮೇಲಲ್ಲ. ಬೆಳಿಗ್ಗೆ ಮೊಬೈಲಿಗೆ ಬರುವ ದಿನದ ವಚನವನ್ನು ಓದದೆಯೇ ಆರು ವಾಟ್ಸಾಪ್ ಗುಂಪುಗಳಿಗೆ ಕಳುಹಿಸುತ್ತೇನೆ, ಕಾಯಿಲೆಯವರಿಗೆ ಪ್ರಾರ್ಥಿಸುತ್ತೇನೆಂದು ಮುಗಿದ ಕೈಗಳ ಚಿತ್ರ ಹಾಕಿ ಮುಂದಿನ ಸಂದೇಶಕ್ಕೆ ಹೋಗುತ್ತೇನೆ. ಹೊತ್ತು ಮೂಡುವ ಮುಂಚೆ ಯೇಸು ಎದ್ದು ಒಬ್ಬನೇ ಪ್ರಾರ್ಥಿಸಲು ಅಡವಿಯ ಸ್ಥಳಕ್ಕೆ ಹೋದನೆಂದೂ, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆಂದು ಶಿಷ್ಯನಾದ ಸೀಮೋನನು ಬೆನ್ನಟ್ಟಿ ಬಂದನೆಂದೂ ಮಾರ್ಕನು ಬರೆಯುತ್ತಾನೆ. ಸೀಮೋನನ ಆ ಕೆಲಸವನ್ನು ಈಗ ನನ್ನ ಕಿಸೆಯಲ್ಲಿರುವ ಫೋನು ಮಾಡುತ್ತದೆ, ಅದೂ ನಾನು ಎಲ್ಲಿಗೂ ಹೋಗದೆ ಹಾಸಿಗೆಯಲ್ಲಿರುವಾಗಲೇ.

ಮೌನ ದಿನದ ಪರಾಮರ್ಶೆಗೆ ಸಮಿತಿ ಮತ್ತೆ ಸೇರಿತು. ಬಿರಿಯಾನಿಗೆ ಉಪ್ಪು ಕಡಿಮೆಯಾದದ್ದನ್ನು ಮುಕ್ಕಾಲು ಗಂಟೆ ಚರ್ಚಿಸಿದ ಬಳಿಕ, ಪ್ರಾರ್ಥನೆಗೆ ಹೊತ್ತು ಸಾಲಲಿಲ್ಲವೆಂಬ ಅಭಿಪ್ರಾಯವೂ ದಾಖಲಾಯಿತು. ಮುಂದಿನ ವರ್ಷಕ್ಕೆ ಪ್ರಾರ್ಥನೆಗೆಂದೇ ಆರನೆಯ ಉಪಸಮಿತಿ ಬೇಕೆಂದು ನಿರ್ಣಯವಾಗಿ, ಅದರ ಸಂಚಾಲಕತ್ವ ನನ್ನ ಪಾಲಿಗೆ ಬಂದಿತು. ಎಲ್ಲರಿಗೂ ಬಿಡುವಿರುವ ದಿನ ಯಾವುದೆಂದು ಹುಡುಕಿದರೆ ಬುಧವಾರ ಸಂಜೆ ಆರೂವರೆ ಒಂದೇ ಸಿಕ್ಕಿತು.

ಮೊದಲ ಬುಧವಾರ ನಾವು ಹನ್ನೊಂದು ಮಂದಿ ಮೇಜಿನ ಸುತ್ತ ಕುಳಿತು ಉಪಸಮಿತಿಯ ಹೆಸರು ಏನಿರಬೇಕೆಂದು ವಾದಿಸುತ್ತಿರುವಾಗ ಬಾಗಿಲು ಸರಿದು ಮೂವರು ಅಜ್ಜಿಯರು ಬೈಬಲ್ ಹಿಡಿದು ಒಳಗೆ ಬಂದರು.

“ಇವತ್ತು ಪ್ರಾರ್ಥನೆ ಇಲ್ಲವೇನಪ್ಪಾ?” ಎಂದು ಅವರಲ್ಲೊಬ್ಬರು ಕೇಳಿದರು.

“ಇದೆ ಅಜ್ಜಿ, ಅದರ ಬಗ್ಗೆಯೇ ಮಾತಾಡುತ್ತಿದ್ದೇವೆ,” ಎಂದರು ನಮ್ಮ ಕಾರ್ಯದರ್ಶಿಗಳು. “ನೀವು ಬಂದದ್ದು ಒಳ್ಳೆಯದೇ ಆಯಿತು. ಹನ್ನೊಂದು ಲೋಟ ಚಹಾ ಮಾಡಿಬಿಡುತ್ತೀರಾ?”

ಅಜ್ಜಿ ಬೈಬಲನ್ನು ಕಿಟಕಿಯ ಮೇಲಿಟ್ಟು, ಶೆಡ್ಡಿನ ಬೀಗದ ಕೈ ಎಲ್ಲಿದೆ ಎಂದು ಕೇಳಿದರು.